ಹೆಂಗಸರ ಮೆಟ್ಟಿಲು

ನಮ್ಮೂರಿನ ಮಹಿಳಾ ಸಮಾಜದಲ್ಲಿ ವರ್ಷಕ್ಕೊಮ್ಮೆ ಒಂದು ವಿಶೇಷ ಉಪನ್ಯಾಸ ಇರುತ್ತದೆ. ಹೋದ ವರ್ಷ ಮಾತಾಡಲು ಬಂದಿದ್ದವರು ಜಪಾನಿನಲ್ಲಿ ಹದಿನೈದು ದಿನ ಇದ್ದು ಬಂದ ಒಬ್ಬ ಹಿರಿಯರು. ವಿಷಯ, ಜಪಾನಿನ ತಾಯಂದಿರು. ಅಲ್ಲಿ ರೈಲು ತಡವಾಗುವುದಿಲ್ಲ, ಶಾಲೆಯ ಕಸವನ್ನು ಮಕ್ಕಳೇ ಗುಡಿಸುತ್ತಾರೆ, ಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಇದೆಲ್ಲ ಮುಗಿದ ಮೇಲೆ ಅವರು ಮುಖ್ಯ ಮಾತಿಗೆ ಬಂದರು. “ಅಲ್ಲಿ ನೂರೈವತ್ತು ವರ್ಷದ ಹಿಂದೆಯೇ ಸರ್ಕಾರ ಹೆಣ್ಣುಮಕ್ಕಳಿಗೆ ದೊಡ್ಡ ಶಾಲೆ ತೆರೀತು ತಾಯಂದಿರೆ. ಯಾಕೆ? ಒಳ್ಳೇ ತಾಯಿ ತಯಾರಾಗಲಿ ಅಂತ. ನಮ್ಮಲ್ಲಿ ಹೆಣ್ಣುಮಕ್ಕಳು ಓದೋದು ಕೆಲಸಕ್ಕೆ. ಆ ದೇಶ ಹಾಗಿರೋದಕ್ಕೂ ನಮ್ಮದು ಹೀಗಿರೋದಕ್ಕೂ ಅದೇ ಕಾರಣ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೇ ಸಾಲಿನಲ್ಲಿ ಕೋಸಂಬರಿಯ ದೊನ್ನೆ ಹಿಡಿದುಕೊಂಡು ಕೂತಿದ್ದ ನಾನೂ ದೊನ್ನೆ ಕೆಳಗಿಟ್ಟು ತಟ್ಟಿದೆ. ಮನೆಗೆ ಬಂದು ಸೀರೆ ಮಡಿಸುವಾಗ ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಮಡಿಕೆ ನಾಲ್ಕು ಸಲ ತಪ್ಪಿತು. ಏಕೆಂದರೆ ಅವರು ಹೇಳಿದ ಆ ಶಾಲೆ ಇದ್ದ ಗುಡ್ಡವನ್ನು ನಾನು ಕಣ್ಣಾರೆ ನೋಡಿ ಬಂದಿದ್ದೆ. ಅಲ್ಲಿ ಏನೇನು ನಡೆಯಿತು ಎನ್ನುವುದು ನನಗೆ ಗೊತ್ತಿತ್ತು. ಎದ್ದು ನಿಂತು ಹೇಳಬಹುದಾಗಿತ್ತು, ಹೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನ ಮಗಳು ಟೋಕಿಯೋದಲ್ಲಿದ್ದಾಳೆ. ಕಂಪ್ಯೂಟರ್ ಕೆಲಸ. ಅವಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಫೆಬ್ರವರಿಯ ಒಂದು ಭಾನುವಾರ, “ಅಮ್ಮ, ನಿನ್ನ ಸರಸ್ವತಿ ಪೂಜೆಗೆ ಸರಿಯಾದ ದೇವಸ್ಥಾನ ತೋರಿಸ್ತೀನಿ ಬಾ” ಎಂದು ಯುಶಿಮಾ ಎಂಬ ಕಡೆಗೆ ಕರೆದುಕೊಂಡು ಹೋದಳು. ಊರಿನ ನಡುವೆಯೇ ಇರುವ ಹಳೆಯ ಗುಡ್ಡದ ಕೇರಿ ಅದು. ತುದಿಯಲ್ಲಿ ತೆಂಜಿನ್ ಎಂಬ ವಿದ್ಯಾದೇವರ ಗುಡಿ. ಕೆಳಗಿನಿಂದ ಗುಡಿಗೆ ಹತ್ತಲು ಅಕ್ಕಪಕ್ಕದಲ್ಲೇ ಎರಡು ದಾರಿ ಇವೆ. ಒಂದು ನೆಟ್ಟಗೆ ಕಡಿದಾಗಿ ಹತ್ತುತ್ತದೆ, ಮೂವತ್ತೆಂಟು ಮೆಟ್ಟಿಲು. ಅದರ ಹೆಸರು ಒತೊಕೊಝಾಕಾ, ಎಂದರೆ ಗಂಡಸರ ಏರು. ಇನ್ನೊಂದು ನಡುವೆ ಸುಧಾರಿಸಿಕೊಳ್ಳಲು ಜಾಗ ಬಿಟ್ಟುಕೊಂಡು ಮೆಲ್ಲಗೆ ಹತ್ತುತ್ತದೆ, ಮೂವತ್ಮೂರು ಮೆಟ್ಟಿಲು. ಅದು ಒನ್ನಾಝಾಕಾ, ಹೆಂಗಸರ ಏರು. ನನಗೆ ಮಂಡಿನೋವು. ಐದು ಮೆಟ್ಟಿಲು ರಿಯಾಯಿತಿ ಸಿಕ್ಕಿತಲ್ಲ ಎಂದು ಖುಷಿಯಾಗಿ ಹೆಂಗಸರದ್ದನ್ನೇ ಹತ್ತಿದೆ. ಮಗಳು ಬ್ಯಾಗು ಹೆಗಲಿಗೇರಿಸಿ ಗಂಡಸರದ್ದರಲ್ಲಿ ದಡದಡ ಹತ್ತಿ ಮೇಲೆ ನನಗಾಗಿ ಕಾಯುತ್ತ ನಿಂತಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ. ಈಗ ಅದು ಬರೀ ಹೆಸರು.

ತೆಂಜಿನ್ ಹುಟ್ಟಾ ದೇವರಲ್ಲ. ಸುಗವಾರಾ ನೊ ಮಿಚಿಝಾನೆ ಎಂಬ ಪಂಡಿತ. 845ರಲ್ಲಿ ಹುಟ್ಟಿದವನು, ಕವಿ, ಓದಿನಿಂದಲೇ ಮಂತ್ರಿಯ ಪದವಿಗೇರಿದವನು. ಅದನ್ನು ಸಹಿಸದ ದೊಡ್ಡ ಮನೆತನದವರು ಚಾಡಿ ಹೇಳಿ 901ರಲ್ಲಿ ದೂರದ ದಜೈಫುವಿಗೆ ಗಡೀಪಾರು ಮಾಡಿಸಿದರು. ಎರಡು ವರ್ಷದಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ 930ರಲ್ಲಿ ಅರಮನೆಗೆ ಸಿಡಿಲು ಬಡಿದಾಗ ಅದು ಅವನದೇ ಕೋಪ ಎಂದು ಹೆದರಿದರು, ಗುಡಿ ಕಟ್ಟಿದರು, ದೇವರು ಮಾಡಿದರು. ಬದುಕಿದ್ದಾಗ ಅನ್ಯಾಯ ಮಾಡಿ ಸತ್ತ ಮೇಲೆ ಪೂಜೆ ಮಾಡುವ ಪದ್ಧತಿ ನಮಗೇನೂ ಹೊಸದಲ್ಲ, ಬಿಡಿ. ಯುಶಿಮಾದ ಗುಡಿಯಲ್ಲಿ ಅವನನ್ನು ಪ್ರತಿಷ್ಠೆ ಮಾಡಿದ್ದು 1355ರಲ್ಲಿ ಎನ್ನುತ್ತಾರೆ. ಈಗಿರುವ ಮರದ ಕಟ್ಟಡ 1995ರದು. ಅವನಿಗೆ ಪ್ರಿಯವಾದ ‘ಉಮೆ’ ಎಂಬ ಪ್ಲಮ್ ಹೂವಿನ ಮರಗಳು ಅಂಗಳದ ತುಂಬ. ನಾನು ಹೋದಾಗ ಅರ್ಧ ಬಿಳುಪು, ಅರ್ಧ ಕೆಂಪು ಬಿಟ್ಟಿದ್ದವು.

ಫೆಬ್ರವರಿಯೆಂದರೆ ಅಲ್ಲಿ ಕಾಲೇಜು ಪ್ರವೇಶ ಪರೀಕ್ಷೆಗಳ ಕಾಲವೂ ಹೌದು. ಅಂಗೈಯಗಲದ ಮರದ ಹಲಗೆಯ ಮೇಲೆ ಹರಕೆ ಬರೆದು ಗುಡಿಯಲ್ಲಿ ಕಟ್ಟುತ್ತಾರೆ. ಸಾವಿರಾರು ಹಲಗೆಗಳು ಒಂದರ ಮೇಲೊಂದು, ಗಾಳಿ ಬೀಸಿದರೆ ಕಟಕಟ ಸದ್ದು. ಮಗಳು ಒಂದೆರಡನ್ನು ಓದಿ ಹೇಳಿದಳು. ಬಹಳಷ್ಟು ಇಂಥ ಕಾಲೇಜಿನಲ್ಲಿ ಸೀಟು ಸಿಗಲಿ ಎನ್ನುವವು. ಒಂದು ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. “ಏನೇ ಅದು?” ಎಂದೆ. “ಮೆಡಿಕಲ್ ಕೇಳಿದಾಳೆ ಅಮ್ಮ. ಹುಡುಗಿ” ಎಂದಳು. ನನಗೆ ಚುರುಕ್ಕೆಂದಿತು. ಅದು ಯಾಕೆಂದು ಆಮೇಲೆ ಹೇಳುತ್ತೇನೆ.

ಈ ಗುಡ್ಡ ವಿದ್ಯೆಯ ಗುಡ್ಡವಾದದ್ದು ಬರೀ ಗುಡಿಯಿಂದಲ್ಲ. ಗುಡಿಯಿಂದ ಇಳಿದು ಕಾಂಡಾ ನದಿಯ ಕಡೆ ಕಾಲು ಗಂಟೆ ನಡೆದರೆ ಯುಶಿಮಾ ಸೇದೊ ಎಂಬ ಕಪ್ಪು ಬಣ್ಣದ ಕನ್‌ಫ್ಯೂಷಿಯಸ್ ಮಂದಿರ ಸಿಗುತ್ತದೆ. 1690ರಲ್ಲಿ ಶೋಗನ್ ತ್ಸುನಯೋಶಿ ಇದನ್ನು ಇಲ್ಲಿ ಕಟ್ಟಿಸಿದ. 1797ರಲ್ಲಿ ಇದರ ಪಾಠಶಾಲೆ ಶೋಗನ್ ಸರ್ಕಾರದ್ದೇ ಆಯಿತು. ರಾಜ್ಯವಾಳುವ ಸಮುರಾಯಿ ಮನೆತನದ ಗಂಡುಮಕ್ಕಳು ಇಲ್ಲಿ ಬಾಯಿಪಾಠ ಮಾಡುತ್ತಿದ್ದರು. ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕುವ ಅಗತ್ಯವೇ ಇರಲಿಲ್ಲ, ಅಂಥ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಅವರಿಗೆ ಬೇರೆ ಪುಸ್ತಕವಿತ್ತು. ‘ಒನ್ನಾ ದೈಗಾಕು’ ಅದರ ಹೆಸರು. ಹದಿನೆಂಟನೇ ಶತಮಾನದಲ್ಲಿ ಮನೆಮನೆಗೂ ಹೋದ ನೀತಿಪುಸ್ತಕ. ಹುಟ್ಟಿದ ಮನೆಯಲ್ಲಿ ತಂದೆಗೆ, ಕೊಟ್ಟ ಮನೆಯಲ್ಲಿ ಗಂಡನಿಗೆ, ಮುಪ್ಪಿನಲ್ಲಿ ಮಗನಿಗೆ ತಗ್ಗಿ ನಡೆ ಎನ್ನುವುದು ಆ ಕಾಲದ ಉಪದೇಶ. ನಮ್ಮ ಮನುವಿನ ಮಾತನ್ನು ನೆನೆಸಿಕೊಂಡು ಅಲ್ಲೇ ನಗು ಬಂತು. ಇವರಿಬ್ಬರಿಗೂ ಪರಿಚಯವಿರಲಿಲ್ಲ ಪಾಪ, ಆದರೂ ಎಷ್ಟು ಹೊಂದಾಣಿಕೆ ನೋಡಿ!

ಬಡವರ ಕೇರಿಗಳ ವಿಷಯ ಬೇರೆ. ಅಲ್ಲಿ ತೆರಕೊಯಾ ಎಂಬ ಸಣ್ಣ ಶಾಲೆಗಳಿದ್ದವು, ನಮ್ಮ ಕೂಲಿ ಮಠಗಳ ಹಾಗೆ. ಓದು, ಬರಹ, ಮಣಿಕಟ್ಟಿನ ಲೆಕ್ಕ. ಗೋಡೆಗೆ ತೆಂಜಿನ್ ಚಿತ್ರ, ತಿಂಗಳ ಇಪ್ಪತ್ತೈದಕ್ಕೆ ಅವನಿಗೆ ಪೂಜೆ. ವ್ಯಾಪಾರಿಗಳ ಕೇರಿಗಳಲ್ಲಿ ಹೆಣ್ಣುಮಕ್ಕಳೂ ಸಾಕಷ್ಟು ಬರುತ್ತಿದ್ದರು. ಅಂಗಡಿ ಲೆಕ್ಕ ನೋಡುವ ಹೆಂಗಸು ಬೇಕಲ್ಲ! ಟೋಕಿಯೋದಲ್ಲಿ ಕೆಲವು ತೆರಕೊಯಾಗಳನ್ನು ಹೆಂಗಸರೇ ನಡೆಸುತ್ತಿದ್ದರು. ನಮ್ಮ ಉಪನ್ಯಾಸಕರು ಇವರ ಹೆಸರೆತ್ತಲಿಲ್ಲ. ಜಪಾನಿನ ಹೆಣ್ಣು ಸರ್ಕಾರ ಕಲಿಸಿದ ಮೇಲೆ ಕಲಿತಳು ಎನ್ನುವ ಹಾಗೆ ಮಾತಾಡಿದರು. ಸರ್ಕಾರ ಕಣ್ಣು ಬಿಡುವ ಮೊದಲೇ ಅವಳು ಲೆಕ್ಕದ ಪುಸ್ತಕ ಬರೆಯುತ್ತಿದ್ದಳು.

1868ರಲ್ಲಿ ಶೋಗನ್‌ಗಿರಿ ಮುಗಿದು ಚಕ್ರವರ್ತಿಯ ಸರ್ಕಾರ ಬಂತು. 1871ರಲ್ಲಿ ಶಿಕ್ಷಣ ಇಲಾಖೆ ಹುಟ್ಟಿದ್ದೂ ಇದೇ ಸೇದೊ ಆವರಣದಲ್ಲಿ. ಮರುವರ್ಷ ಇಲ್ಲೇ ಮೇಷ್ಟರುಗಳನ್ನು ತಯಾರು ಮಾಡುವ ನಾರ್ಮಲ್ ಶಾಲೆ, ಸಾರ್ವಜನಿಕ ಪುಸ್ತಕಾಲಯ. ಅದೇ 1872ರಲ್ಲಿ ದೊಡ್ಡ ಶಿಕ್ಷಣ ಶಾಸನ ಬಂತು: ಇನ್ನು ಮುಂದೆ ಓದು ಬಾರದ ಮನೆ ಇರಬಾರದು, ಗಂಡಾಗಲಿ ಹೆಣ್ಣಾಗಲಿ ಎಲ್ಲರೂ ಶಾಲೆಗೆ ಹೋಗಬೇಕು. ಕೇಳಲು ಚಂದ. ಆದರೆ ಫೀಸು ಮನೆಯವರೇ ಕೊಡಬೇಕಿತ್ತು. ಒಂದೇ ಫೀಸಿಗೆ ದುಡ್ಡಿದ್ದರೆ ಯಾರನ್ನು ಕಳಿಸುತ್ತಾರೆ ಎಂದು ನಿಮಗೆ ನಾನು ಹೇಳಬೇಕೆ? 1873ರಲ್ಲಿ ಗಂಡುಮಕ್ಕಳಲ್ಲಿ ನೂರಕ್ಕೆ ನಲವತ್ತು ಜನ ಶಾಲೆಗೆ ಹೋದರೆ ಹೆಣ್ಣುಮಕ್ಕಳಲ್ಲಿ ಹದಿನೈದು. ಬಾಡಿಗೆಗೆ ಮಗು ಆಡಿಸುವ ಹುಡುಗಿಯರಿಗಾಗಿ ಆಮೇಲೆ ಬೇರೆ ಶಾಲೆಗಳನ್ನೇ ಮಾಡಬೇಕಾಯಿತು. ಬೆನ್ನಿಗೆ ಯಾರದೋ ಮಗುವನ್ನು ಕಟ್ಟಿಕೊಂಡು ಅಕ್ಷರ ತಿದ್ದುವ ಪುಟ್ಟ ಹುಡುಗಿಯರು. ನಮ್ಮ ಉಪನ್ಯಾಸಕರು ನೋಡಿದ ‘ಜಪಾನಿನ ತಾಯಿ’ಯ ಮೊದಲ ಪಾಠ ಅದೇ ಇರಬೇಕು. ಪ್ರಾಥಮಿಕ ಶಾಲೆಯ ಫೀಸು ಹೋದದ್ದು 1900ರಲ್ಲಿ. ಅದಾದ ನಾಲ್ಕೈದು ವರ್ಷದಲ್ಲಿ ಹೆಣ್ಣುಮಕ್ಕಳ ಹಾಜರಿ ನೂರಕ್ಕೆ ತೊಂಬತ್ತು ದಾಟಿತು. ಅದಕ್ಕೆ ತಾಯಿಯ ಮಹಿಮೆ, ಸಂಸ್ಕೃತಿ ಎಂದೆಲ್ಲ ಕಾರಣ ಹುಡುಕುವ ಮೊದಲು ಈ ಫೀಸಿನ ಕಡೆ ಒಮ್ಮೆ ನೋಡಬೇಕು.

ಈಗ ಆ ದೊಡ್ಡ ಶಾಲೆಯ ವಿಷಯ. ಸೇದೊ ಪಕ್ಕದಲ್ಲೇ, ಒಚಾನೊಮಿಜು ಎನ್ನುವ ಕಡೆ, 1875ರ ನವೆಂಬರಿನಲ್ಲಿ ಟೋಕಿಯೋ ಮಹಿಳಾ ನಾರ್ಮಲ್ ಶಾಲೆ ಪ್ರಾರಂಭವಾಯಿತು. ಒಚಾನೊಮಿಜು ಎಂದರೆ ಚಹಾದ ನೀರು. ಅಲ್ಲಿನ ಒಂದು ಬುಗ್ಗೆಯ ನೀರು ಶೋಗನ್ನನ ಚಹಾಕ್ಕೆ ಹೋಗುತ್ತಿತ್ತಂತೆ. ಪ್ರಾರಂಭಕ್ಕೆ ಸ್ವತಃ ಮಹಾರಾಣಿ ಬಂದಿದ್ದರು. ಮುಂದಿನ ವರ್ಷ ಇದರೊಳಗೇ ದೇಶದ ಮೊದಲ ಸರ್ಕಾರಿ ಶಿಶುವಿಹಾರ ಶುರುವಾಯಿತು. ಶಾಲೆಯ ಮುಖ್ಯಸ್ಥರು ನಕಾಮುರಾ ಮಸನಾವೊ, ಇಂಗ್ಲೆಂಡ್ ನೋಡಿ ಬಂದಿದ್ದ ದೊಡ್ಡ ವಿದ್ವಾಂಸರು, ಒಳ್ಳೆಯವರು. ಹೆಣ್ಣನ್ನು ಓದಿಸಿದರೆ ಒಳ್ಳೆಯ ತಾಯಿಯಾಗುತ್ತಾಳೆ, ಒಳ್ಳೆಯ ತಾಯಿಯಿಂದ ಒಳ್ಳೆಯ ದೇಶ ಎನ್ನುವ ಮಾತನ್ನು ಅಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ಅವರೂ ಒಬ್ಬರು. ಮುಂದೆ ಅದೇ ‘ರ್ಯೋಸೈ ಕೆಂಬೊ’ ಎಂಬ ಮಂತ್ರವಾಯಿತು: ಒಳ್ಳೆಯ ಹೆಂಡತಿ, ವಿವೇಕವುಳ್ಳ ತಾಯಿ. ಹುಡುಗಿಯರ ಹೈಸ್ಕೂಲುಗಳೆಲ್ಲ ಇದೇ ಮಂತ್ರದ ಮೇಲೆ ನಡೆದವು. ಉಪನ್ಯಾಸಕರು ಹೇಳಿದ್ದು ಸುಳ್ಳಲ್ಲ. ಅರ್ಧಕ್ಕೆ ನಿಲ್ಲಿಸಿದರು, ನನ್ನ ತಕರಾರು ಅಷ್ಟೆ. ಒಳ್ಳೆಯ ತಾಯಿಯಾಗಲಿ ಎಂದು ತೆರೆದ ಬಾಗಿಲಲ್ಲಿ ಮೊದಲ ವರ್ಷವೇ ಒಳಗೆ ಬಂದವಳು ಯಾರು ಎಂದು ಅವರು ಹೇಳಬೇಕಿತ್ತು.

ಒಗಿನೊ ಗಿಂಕೊ. 1851ರಲ್ಲಿ ಟೋಕಿಯೋದ ಉತ್ತರಕ್ಕಿದ್ದ ಒಂದು ಹಳ್ಳಿಯಲ್ಲಿ ಹುಟ್ಟಿದವಳು. ಹದಿನಾರಕ್ಕೆಲ್ಲ ದೊಡ್ಡ ಮನೆಗೆ ಮದುವೆ. ಗಂಡನಿಂದ ಅವಳಿಗೆ ಗೊನೊರಿಯಾ ಎಂಬ ಗುಹ್ಯರೋಗ ಬಂತು. ಆ ರೋಗದಿಂದ ಮಕ್ಕಳಾಗುವ ಆಸೆಯೂ ಹೋಯಿತು. ಎರಡು ವರ್ಷದಲ್ಲಿ ಮದುವೆ ಮುರಿಯಿತು. ಮದ್ದಿಗಾಗಿ ಟೋಕಿಯೋಗೆ ಬಂದು ಜುಂತೆಂಡೊ ಎಂಬ ಹೆಸರಾಂತ ಆಸ್ಪತ್ರೆಯಲ್ಲಿ ಬಹಳ ಕಾಲ ಮಲಗಿದಳು. ವೈದ್ಯರೆಲ್ಲ ಗಂಡಸರು. ಪರೀಕ್ಷೆಯ ಮಂಚದ ಮೇಲೆ ತನಗಾದ ನಾಚಿಕೆ, ಸಂಕಟ ಇನ್ನೊಬ್ಬ ಹೆಂಗಸಿಗೆ ಆಗಬಾರದು, ತಾನೇ ವೈದ್ಯಳಾಗುತ್ತೇನೆ ಎಂದು ಅಲ್ಲೇ ನಿರ್ಧಾರ ಮಾಡಿದಳು.

ಓದುವ ನನ್ನ ಅಕ್ಕತಂಗಿಯರೆ, ಇದನ್ನು ನಾನು ಬಿಡಿಸಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೆರಿಗೆಯ ಹೊತ್ತಿನಲ್ಲಿ, ಬಿಳಿ ಹೋಗುವ ತೊಂದರೆಯಲ್ಲಿ, ಗರ್ಭಕೋಶ ಜಾರಿದಾಗ, ಡಾಕ್ಟರ ಮುಂದೆ ಬಾಯಿ ಬಿಡಲಾಗದೆ ವರ್ಷಗಟ್ಟಲೆ ಸಹಿಸಿಕೊಂಡವರು ನಮ್ಮ ಮನೆಗಳಲ್ಲಿ ಎಷ್ಟು ಜನ ಇಲ್ಲ? ನಮ್ಮತ್ತೆಯವರು ಹಾಗೆಯೇ ಹೋದರು. ಊರಿಗೆ ಲೇಡಿ ಡಾಕ್ಟರು ಬರುವ ಹೊತ್ತಿಗೆ ತಡವಾಗಿತ್ತು.

ಗಿಂಕೊ 1875ರಲ್ಲಿ ಆ ಹೊಸ ನಾರ್ಮಲ್ ಶಾಲೆಗೆ ಸೇರಿದಳು. ನಾಲ್ಕು ವರ್ಷದಲ್ಲಿ ಮುಗಿಸಿದಳು. ಟೀಚರಾಗಿ ಸಂಬಳ ತೆಗೆದುಕೊಂಡು ಸುಮ್ಮನಿರಬಹುದಾಗಿತ್ತು. ಹತ್ತಿರದ ಷಿತಾಯಾದಲ್ಲಿ ಒಂದು ಖಾಸಗಿ ವೈದ್ಯಶಾಲೆ ಇತ್ತು, ಗಂಡಸರದ್ದು. ಅಲ್ಲಿಗೆ ಹೋಗಿ ಕೂತಳು. 1882ರಲ್ಲಿ ಅದೂ ಮುಗಿಯಿತು. ಈಗ ಲೈಸೆನ್ಸ್ ಪರೀಕ್ಷೆಗೆ ಅರ್ಜಿ. ತಿರಸ್ಕಾರ. ಮತ್ತೆ ಅರ್ಜಿ, ಮತ್ತೆ ತಿರಸ್ಕಾರ. ಅವಳಿಗೆ ವಿದ್ಯೆ ಸಾಲದು ಎಂದು ಯಾರೂ ಹೇಳಲಿಲ್ಲ, ಹೆಂಗಸರಿಗೆ ಕೊಟ್ಟ ಪೂರ್ವ ಉದಾಹರಣೆ ಇಲ್ಲ ಎಂದರು. ಸರ್ಕಾರಿ ಕಚೇರಿಯ ಈ ಉತ್ತರ ಎಲ್ಲ ದೇಶದ್ದೂ ಒಂದೇ ಧಾಟಿ! ಆಗ ಅವಳ ಪರವಾದವರು ಸಾವಿರ ವರ್ಷದ ಹಿಂದಿನ ಕಾನೂನಿನ ವ್ಯಾಖ್ಯಾನ ತೆಗೆದು ತೋರಿಸಿದರು, ನೋಡಿ, ಇಲ್ಲಿ ಹೆಣ್ಣು ವೈದ್ಯರ ಮಾತಿದೆ ಎಂದು. ಪೂರ್ವ ಉದಾಹರಣೆ ಕೇಳಿದವರ ಬಾಯಿ ಪೂರ್ವ ಉದಾಹರಣೆಯಿಂದಲೇ ಮುಚ್ಚಿತು. 1884ರಲ್ಲಿ ಪರೀಕ್ಷೆಗೆ ಹೆಂಗಸರನ್ನು ಬಿಟ್ಟರು. ಮುಂದಿನ ಮಾರ್ಚಿನಲ್ಲಿ ಎರಡನೆಯ ಭಾಗವನ್ನೂ ಪಾಸು ಮಾಡಿ ಗಿಂಕೊ ಜಪಾನಿನಲ್ಲಿ ಸರ್ಕಾರಿ ಪರವಾನಗಿ ಪಡೆದ ಮೊದಲ ವೈದ್ಯೆಯಾದಳು. 1885ರ ಮೇ ತಿಂಗಳಲ್ಲಿ ಅವಳು ತನ್ನ ಆಸ್ಪತ್ರೆಯ ಬೋರ್ಡು ಹಾಕಿದ್ದು ಎಲ್ಲಿ? ಇದೇ ಯುಶಿಮಾದಲ್ಲಿ, ವಿದ್ಯಾದೇವರ ಗುಡಿಯ ಕೇರಿಯಲ್ಲಿ.

ಅದೇ 1885ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ತೆಗೆದ ಒಂದು ಫೋಟೋ ಇದೆ. ನಮ್ಮ ಆನಂದಿಬಾಯಿ ಜೋಶಿ ಸೀರೆಯಲ್ಲಿ, ಪಕ್ಕದಲ್ಲಿ ಕಿಮೋನೋ ಉಟ್ಟ ಜಪಾನಿನ ಒಕಾಮಿ ಕೇಕೊ, ಇನ್ನೊಬ್ಬಳು ಸಿರಿಯಾ ದೇಶದವಳು. ಆ ಫೋಟೋ ನೀವು ನೋಡಿರಬಹುದು. ಮೂವರಲ್ಲಿ ಯಾರ ಮುಖದಲ್ಲೂ ನಗುವಿಲ್ಲ. ಅವರನ್ನು ಅಷ್ಟು ದೂರ ಕರೆದೊಯ್ದದ್ದು ಒಳ್ಳೆಯ ತಾಯಿಯಾಗುವ ಆಸೆಯೇ? ಆನಂದಿಬಾಯಿ ತನ್ನ ಹತ್ತು ದಿನದ ಮಗುವನ್ನು ಕಳೆದುಕೊಂಡು ಡಾಕ್ಟರಾಗಬೇಕೆಂದವಳು. ಗಿಂಕೊ ತಾಯಿಯಾಗುವ ದಾರಿಯೇ ಮುಚ್ಚಿ ಹೋದವಳು.

ಗುಡ್ಡದ ಇನ್ನೊಂದು ಮಗ್ಗುಲಿಗೆ, ಹೊಂಗೊ ಕಡೆ, ಒಂದು ಓಣಿಯಲ್ಲಿ ಹಳೆಯ ಕೈಪಂಪಿನ ಬಾವಿ ಇದೆ. ಹಿಗುಚಿ ಇಚಿಯೊ ಎಂಬ ಕತೆಗಾರ್ತಿ ಅಲ್ಲಿ ಬಾಡಿಗೆಗಿದ್ದಳು. ತಾಯಿ ತಂಗಿಯರ ಜೊತೆ ಹೊಲಿಗೆ, ಬಟ್ಟೆ ಒಗೆಯುವ ಕೆಲಸ ಮಾಡಿ ಹೊಟ್ಟೆ ಹೊರೆದವಳು. 1872ರಲ್ಲಿ, ಅಂದರೆ ಆ ದೊಡ್ಡ ಶಾಸನ ಬಂದ ವರ್ಷವೇ ಹುಟ್ಟಿದಳು. ಓದಿನಲ್ಲಿ ತರಗತಿಗೆ ಮೊದಲು. ಹನ್ನೊಂದು ವರ್ಷಕ್ಕೆ ಶಾಲೆ ಬಿಡಿಸಿದರು. ತಂದೆಗೆ ಓದಿಸುವ ಮನಸ್ಸಿತ್ತು. ಬಿಡಿಸಿದ್ದು ತಾಯಿ. ಹೆಣ್ಣಿಗೆ ಹೆಚ್ಚು ಓದು ಒಳ್ಳೆಯದಲ್ಲ, ಹೊಲಿಗೆ ಮನೆಗೆಲಸ ಕಲಿಯಲಿ ಎಂದು. ಇಪ್ಪತ್ನಾಲ್ಕು ತುಂಬುವ ವರ್ಷದಲ್ಲಿ, 1896ರಲ್ಲಿ, ಕ್ಷಯದಿಂದ ಸತ್ತಳು. 2004ರಿಂದ ಅವಳ ಮುಖ ಐದು ಸಾವಿರ ಯೆನ್ ನೋಟಿನ ಮೇಲೆ ಬಂತು. 2024ರ ಹೊಸ ನೋಟಿನಲ್ಲಿ ಅವಳ ಜಾಗಕ್ಕೆ ಹೆಣ್ಣುಮಕ್ಕಳಿಗಾಗಿ ಕಾಲೇಜು ಕಟ್ಟಿದ ತ್ಸುದಾ ಉಮೆಕೊ ಬಂದಿದ್ದಾಳೆ. ನನ್ನ ಪರ್ಸಿನಲ್ಲಿ ಇಬ್ಬರೂ ಇದ್ದರು.

ಆ ಬಾವಿಯ ಹತ್ತಿರ ನಿಂತು ಮಗಳು ಇಷ್ಟು ಹೇಳಿ ಸುಮ್ಮನಾದಳು. ನನಗೂ ಮಾತು ಬರಲಿಲ್ಲ. ಈಗ ಹೇಳಿಬಿಡುತ್ತೇನೆ. ಮಗಳು ಪಿಯುಸಿ ಮುಗಿಸಿದಾಗ ಸಿಇಟಿಯಲ್ಲಿ ಅವಳಿಗೆ ಮೆಡಿಕಲ್ ಸೀಟು ಬರುವಂತಿತ್ತು. ನಮ್ಮನೆಯವರು, “ಅವಳು ಏನು ಓದ್ತೀನಿ ಅಂತಾಳೋ ಓದಲಿ” ಎಂದುಬಿಟ್ಟರು. ನಾನು ಬಿಡಲಿಲ್ಲ. ಐದೂವರೆ ವರ್ಷ, ಆಮೇಲೆ ಪಿಜಿ ಮೂರು ವರ್ಷ, ಅಷ್ಟು ಹೊತ್ತಿಗೆ ಇಪ್ಪತ್ತೆಂಟಾಗುತ್ತೆ, ಗಂಡು ಯಾರು ಕೊಡ್ತಾರೆ, ರಾತ್ರಿ ಡ್ಯೂಟಿ, ಮಕ್ಕಳನ್ನು ನೋಡಿಕೊಳ್ಳೋರು ಯಾರು ಎಂದು ಒಂದು ವಾರ ಹಟ ಹಿಡಿದೆ. ಇಂಜಿನಿಯರಿಂಗ್ ನಾಲ್ಕೇ ವರ್ಷ ಎಂದೆ. ಕೊನೆಗೆ ಅವಳು “ಆಯ್ತು ಬಿಡು” ಎಂದಳು. ನಾನು ಗೆದ್ದೆನೆಂದು ಅವತ್ತು ಪಾಯಸ ಮಾಡಿದ್ದು ನೆನಪಿದೆ. ಮಗಳಿಗೆ ಮದುವೆಯಾದದ್ದು ಮೂವತ್ತೊಂದಕ್ಕೆ, ಅದು ಬೇರೆ ಮಾತು.

ಗುಡ್ಡ ಇಳಿದು ಸ್ಟೇಷನ್ನಿಗೆ ಬರುವಾಗ ಆಚೀಚೆ ಎತ್ತರದ ಆಸ್ಪತ್ರೆಗಳು. ನಾರ್ಮಲ್ ಶಾಲೆ ಅಲ್ಲಿಲ್ಲ. 1923ರ ದೊಡ್ಡ ಭೂಕಂಪದಲ್ಲಿ ಸುಟ್ಟು ಹೋಯಿತು, ಸೇದೊ ಮಂದಿರವೂ ಅವತ್ತೇ ಸುಟ್ಟಿತು. ಮಂದಿರವನ್ನು 1935ರಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಶಾಲೆ ಓತ್ಸುಕಾ ಎಂಬ ಕಡೆಗೆ ಹೋಯಿತು. 1949ರಲ್ಲಿ ವಿಶ್ವವಿದ್ಯಾಲಯವಾದಾಗ ಹಳೆಯ ಜಾಗದ ಹೆಸರನ್ನೇ ಇಟ್ಟುಕೊಂಡಿತು, ಒಚಾನೊಮಿಜು ವಿಶ್ವವಿದ್ಯಾಲಯ ಎಂದು. ತವರಿನ ಹೆಸರು ಬಿಡದ ಹಾಗೆ. ಅದು ಈಗಲೂ ಹೆಣ್ಣುಮಕ್ಕಳದ್ದೇ. ಜಪಾನಿನ ಸರ್ಕಾರಿ ವಿಶ್ವವಿದ್ಯಾಲಯಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದ ಕಾಲದಲ್ಲಿ, 1913ರಲ್ಲಿ, ದೂರದ ತೊಹೊಕು ವಿಶ್ವವಿದ್ಯಾಲಯ ಮೊದಲ ಸಲ ಮೂವರು ಹೆಂಗಸರನ್ನು ಸೇರಿಸಿಕೊಂಡಿತು. ಅವರಲ್ಲಿ ರಸಾಯನಶಾಸ್ತ್ರದ ಕುರೊದಾ ಚಿಕಾ ಇಲ್ಲಿ ಓದಿದವಳು, ಮುಂದೆ ಇಲ್ಲೇ ಪಾಠ ಹೇಳಿದವಳು. ಗುಡಿಯ ಪಕ್ಕದಲ್ಲೇ ಇರುವ ಟೋಕಿಯೋ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1946ರಲ್ಲಿ. ಪದವಿ ತರಗತಿಗಳಲ್ಲಿ ಇವತ್ತಿಗೂ ಐವರಲ್ಲಿ ಒಬ್ಬಳು ಹುಡುಗಿ. ಶಾಲೆ ಇದ್ದ ಜಾಗದಲ್ಲಿ ಮುಂದೆ ಒಂದು ವೈದ್ಯಕೀಯ ವಿಶ್ವವಿದ್ಯಾಲಯ ಬಂತು. 2024ರ ಅಕ್ಟೋಬರಿನಲ್ಲಿ ಅದು ಇನ್ನೊಂದರ ಜೊತೆ ಕೂಡಿ ಹೊಸ ಹೆಸರು ಪಡೆದಿದೆ.

ಎದುರಿಗೆ ಇನ್ನೊಂದು ದೊಡ್ಡ ಕಟ್ಟಡ. “ಅದೇ ಜುಂತೆಂಡೊ” ಎಂದಳು ಮಗಳು. ಗಿಂಕೊ ಮಲಗಿದ್ದ ಆಸ್ಪತ್ರೆ. ಅವಳ ಚಿಕಿತ್ಸೆಯ ಮೇಲೆ, 1875ರಲ್ಲಿ ಅದು ಯುಶಿಮಾದ ಕಡೆಗೆ ಬಂತು. ಈಗ ಅದಕ್ಕೆ ದೊಡ್ಡ ಮೆಡಿಕಲ್ ಕಾಲೇಜಿದೆ. 2018ರ ಆಗಸ್ಟಿನಲ್ಲಿ ಊರಿನ ಇನ್ನೊಂದು ಭಾಗದ ಟೋಕಿಯೋ ಮೆಡಿಕಲ್ ಯೂನಿವರ್ಸಿಟಿಯಲ್ಲಿ ಒಂದು ಗುಟ್ಟು ಹೊರಬಿತ್ತು. ಪ್ರವೇಶ ಪರೀಕ್ಷೆಯಲ್ಲಿ ಹುಡುಗಿಯರ ಅಂಕವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಇಳಿಸಿದ್ದರು. ಮದುವೆಯಾಗಿ ಹೆತ್ತರೆ ಕೆಲಸ ಬಿಡುತ್ತಾರೆ, ಸೀಟು ದಂಡ ಎಂಬ ಲೆಕ್ಕ. ಸರ್ಕಾರ ಉಳಿದ ಕಾಲೇಜುಗಳನ್ನೂ ತಡಕಿತು. ಡಿಸೆಂಬರಿನಲ್ಲಿ ಜುಂತೆಂಡೊ ಕೂಡ ಹುಡುಗಿಯರಿಗೆ ಹೆಚ್ಚು ಕಷ್ಟದ ಅಳತೆಗೋಲು ಇಟ್ಟಿತ್ತೆಂದು ಒಪ್ಪಿಕೊಂಡಿತು. ಅದಕ್ಕೆ ಕೊಟ್ಟ ಕಾರಣ ಕೇಳಿ. ಆ ವಯಸ್ಸಿನಲ್ಲಿ ಹುಡುಗಿಯರ ಮನಸ್ಸು ಹುಡುಗರಿಗಿಂತ ಬೇಗ ಬಲಿಯುತ್ತದೆ, ಅವರಿಗೆ ಮಾತಿನ ಚಾತುರ್ಯ ಹೆಚ್ಚು, ಸಂದರ್ಶನದಲ್ಲಿ ಹುಡುಗರಿಗೆ ಅನ್ಯಾಯವಾಗಬಾರದೆಂದು ಸರಿದೂಗಿಸಿದೆವು! ಜೊತೆಗೆ, ಹುಡುಗಿಯರ ಹಾಸ್ಟೆಲಿನಲ್ಲಿ ಜಾಗವಿಲ್ಲ. ಜಾಣೆಯಾಗಿರುವುದಕ್ಕೇ ಅಂಕ ಕಡಿತ. ಬಾಗಿಲಲ್ಲೇ ಇಷ್ಟೆಲ್ಲ ಮಾಡಿ, ಒಳಗೆ ಹೆಣ್ಣು ಡಾಕ್ಟರು ಕಡಿಮೆ ಎಂದರೆ ಅದು ಅವಳ ತಪ್ಪೆ?

ಹದಿಮೂರು ಹೆಂಗಸರು ಕೋರ್ಟಿಗೆ ಹೋದರು. 2022ರ ಮೇ ತಿಂಗಳಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಅವರಿಗೆ ಸುಮಾರು ಎಂಬತ್ತು ಲಕ್ಷ ಯೆನ್ ಪರಿಹಾರ ಕೊಡಬೇಕೆಂದು ಜುಂತೆಂಡೊಗೆ ಹೇಳಿತು. ಅಂಕಕ್ಕೆ ಕೈ ಹಾಕುವುದು ನಿಂತ ಮೇಲೆ ಏನಾಯಿತು ಗೊತ್ತೆ? 2021ರಲ್ಲಿ ಇಡೀ ಜಪಾನಿನ ಮೆಡಿಕಲ್ ಕಾಲೇಜುಗಳಲ್ಲಿ ಹುಡುಗಿಯರು ಪಾಸಾದ ಪ್ರಮಾಣ ನೂರಕ್ಕೆ 13.60, ಹುಡುಗರದು 13.51. ದೊಡ್ಡ ಅಂತರವಲ್ಲ, ನಿಜ. ಸರಿದೂಗಿಸುವ ಅಗತ್ಯವೂ ಇರಲಿಲ್ಲ ಎನ್ನುವುದಕ್ಕೆ ಅಷ್ಟು ಸಾಕು.

ಮಗಳು ಇದನ್ನೆಲ್ಲ ಸೇತುವೆಯ ಮೇಲೆ ನಿಂತು ಹೇಳುತ್ತಿದ್ದಳು. ಕೆಳಗೆ ರೈಲುಗಳು ಹೋಗುತ್ತಿದ್ದವು. ನಾನು, “ಎಂಥ ಜನ ನೋಡು! ಓದಿದೋರಾಗಿ ಮಕ್ಕಳ ಅಂಕಕ್ಕೆ ಕತ್ತರಿ ಹಾಕಿದಾರಲ್ಲ” ಎಂದೆ. ಅವಳು ನಕ್ಕಳು. ಸಿಟ್ಟಿನ ನಗುವಲ್ಲ.

“ಅಮ್ಮ, ನನಗೆ ಅಂಕ ಬಂದಿತ್ತು ಕಣಮ್ಮ. ನೀನು ಅದಕ್ಕೆ ಕತ್ತರಿ ಹಾಕಲಿಲ್ಲ, ಅಷ್ಟೆ.”

ನಾನು ಏನು ಉತ್ತರ ಕೊಡಲಿ? ಆ ಕಾಲೇಜಿನವರು ಹೇಳಿದ ಕಾರಣಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಮದುವೆ, ಮಗು, ರಾತ್ರಿ ಕೆಲಸ, ಹಾಸ್ಟೆಲು. ನನ್ನ ಅಡುಗೆಮನೆಯಲ್ಲಿ ಹಿಂದೆ ನಾನೇ ಆಡಿದ ಮಾತುಗಳು. ವ್ಯತ್ಯಾಸವೆಂದರೆ ಅವರ ಮೇಲೆ ದಾವೆ ಹೂಡಬಹುದು.

ಇದು ಹೆಂಗಸರ ಪುಸ್ತಕ, ನಮ್ಮ ನಮ್ಮಲ್ಲೇ ಹೇಳಿಕೊಳ್ಳಬಹುದು. ‘ಓದಲಿ ಬಿಡಿ, ನಾಳೆ ಮಕ್ಕಳಿಗೆ ಪಾಠ ಹೇಳಿಕೊಡೋಕಾದ್ರೂ ಆಗುತ್ತೆ’ ಎನ್ನುವ ಮಾತು ನಮ್ಮ ಮನೆಗಳಲ್ಲಿ ಹುಡುಗಿಯ ಪರವಾದ ಮಾತೆಂದೇ ನಡೆಯುತ್ತದೆ. ಓದಿಸದ ಮಾವನನ್ನೋ ಅಜ್ಜನನ್ನೋ ಒಪ್ಪಿಸಲು ನಮ್ಮ ತಾಯಂದಿರು ಅದನ್ನು ಉಪಯೋಗಿಸಿದ್ದಾರೆ. ನನ್ನನ್ನು ಬಿ.ಎ. ಓದಿಸಿದ್ದೂ ಅದೇ ಮಾತಿನ ಮೇಲೆ. ನಕಾಮುರಾ ಅವರಿಗೂ ತಮ್ಮ ಕಾಲದ ಗಂಡಸರನ್ನು ಒಪ್ಪಿಸಲು ಅದು ಬೇಕಾಗಿತ್ತೇನೊ. ಆದರೆ ಬಾಗಿಲು ತೆಗೆಸಲು ಆಡಿದ ಆ ಮಾತೇ ಹುಡುಗಿ ಇನ್ನೂ ಒಳಗೆ ಹೋಗುತ್ತೇನೆಂದಾಗ ಅಡ್ಡಗೋಲಾಗುತ್ತದೆ. ತಾಯಿಯಾಗಲಿಕ್ಕೆ ಇಷ್ಟು ಓದು ಸಾಕಲ್ಲ, ಎಂಟೂವರೆ ವರ್ಷ ಯಾಕೆ? ಈ ಪ್ರಶ್ನೆಗೆ ಆ ಮಾತಿನೊಳಗೆ ಉತ್ತರವಿಲ್ಲ. ಹುಡುಗನ ಓದಿಗೆ ಒಳ್ಳೆಯ ತಂದೆಯಾಗಲಿ ಎಂದು ಯಾರೂ ಕಾರಣ ಕೊಟ್ಟದ್ದನ್ನು ನಾನಂತೂ ಕೇಳಿಲ್ಲ. ಅವನು ಓದುತ್ತಾನೆ, ಅಷ್ಟೆ. ನನ್ನ ಮಗಳಿಗೂ ಅಷ್ಟೇ ಬೇಕಾಗಿತ್ತು.

ಹೋದ ತಿಂಗಳು ಮಹಿಳಾ ಸಮಾಜದ ಕಾರ್ಯದರ್ಶಿ ಮನೆಗೆ ಬಂದಿದ್ದರು. “ನೀವೂ ಜಪಾನ್ ನೋಡಿ ಬಂದಿದೀರಲ್ಲ, ಈ ಸಲ ನೀವೇ ಮಾತಾಡಿ. ಅಲ್ಲಿನ ಅಡುಗೆ, ಹೂ ಜೋಡಿಸೋದು, ಹಾಗೇ ಏನಾದ್ರೂ” ಎಂದರು. ನಾನು ಒಗಿನೊ ಗಿಂಕೊ ಬಗ್ಗೆ ಮಾತಾಡುತ್ತೇನೆ ಎಂದು ಕತೆಯನ್ನಷ್ಟೂ ಹೇಳಿದೆ. ಕಾಫಿ ಲೋಟ ಹಿಡಿದುಕೊಂಡೇ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೆನ್ನಾಗಿದೆ ಕಣ್ರೀ. ಆದ್ರೆ ಆ ಕಾಯಿಲೆ ಹೆಸರು ಮಾತ್ರ ಬೇಡ. ಹಿರಿಯರೂ ಬಂದಿರ್ತಾರೆ” ಎಂದರು.

ಆ ಕಾಯಿಲೆಯ ಹೆಸರು ಬಿಟ್ಟರೆ ಅವಳು ಡಾಕ್ಟರಾದದ್ದು ಯಾಕೆಂದು ಹೇಗೆ ಹೇಳಲಿ ಎಂದು ಕೇಳಿದೆ. ಅಧ್ಯಕ್ಷರನ್ನು ಕೇಳಿ ಹೇಳುತ್ತೇನೆ ಎಂದು ಹೋಗಿದ್ದಾರೆ. ತಾರೀಕು ಇನ್ನೂ ಗೊತ್ತಾಗಿಲ್ಲ.